ಮಣಿ ಹಾಕಿ ಮಕ್ಕಳನ್ನು ಆರಿಸಿದ ಶಾಲೆ

ಹೊಸ ಶಾಲೆಗೆ ಎಲ್ಲಕ್ಕಿಂತ ಮೊದಲು ಬಂದದ್ದು ಗೇಟು. ಗೋಡೆ ಇನ್ನೂ ಮೊಣಕಾಲೆತ್ತರ ಇತ್ತು, ಬಾಗಿಲು ಕಿಟಕಿಗೆ ಯಾರೂ ಅಳತೆ ತೆಗೆದಿರಲಿಲ್ಲ. ಆಗಲೇ ಎರಡಾಳೆತ್ತರದ ಕಬ್ಬಿಣದ ಗೇಟು ಬಂದು, ಬಯಲಿನ ನಡುವೆ ಒಂಟಿಯಾಗಿ ನಿಂತು, ಬೀಗ ಹಾಕಿಸಿಕೊಂಡಿತು. ಕಾವಲಿನವ ಸಂಜೆ ಬೀಗವನ್ನು ಎರಡೆರಡು ಸಲ ಎಳೆದು ನೋಡಿ, ತಾನು ಗೇಟಿನ ಪಕ್ಕದಿಂದ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ.

ಆಮೇಲೆ ಬಂದದ್ದು ಲಾಂಛನ. ಅದರಲ್ಲಿ ಒಂದು ಗಿಡುಗ, ಒಂದು ದೀಪ, ಒಂದು ತೆರೆದ ಪುಸ್ತಕ, ಕೆಳಗೆ ಲ್ಯಾಟಿನ್ ಭಾಷೆಯ ಮೂರು ಮಾತು. ಆ ಮಾತಿನ ಅರ್ಥ ಶಾಲೆ ಕಟ್ಟಿಸುತ್ತಿದ್ದ ಚರ್ಚಿನ ಫಾದರ್ ಒಬ್ಬರಿಗೇ ಗೊತ್ತಿತ್ತು. ಕೇಳಿದವರಿಗೆಲ್ಲ ಬೇರೆ ಬೇರೆ ಅರ್ಥ ಹೇಳುತ್ತಿದ್ದರು. ನುಡಿಸುವವರಿಲ್ಲದ ಪಿಯಾನೊ ಬಂತು. ಗಾಜಿನ ಗೂಡಿನಲ್ಲಿ ಸಂತರ ಪ್ರತಿಮೆ ಬಂತು. ದೂರದ ಕಾನ್ವೆಂಟಿನಿಂದ ಮುಖ್ಯೋಪಾಧ್ಯಾಯಿನಿಯಾಗಿ ಮದರ್ ಬಂದರು, ಅವರ ಬೆನ್ನ ಹಿಂದೆಯೇ ಗೋಡೆಗೊಂದರಂತೆ ‘ಮೌನ’ ಎಂಬ ಬೋರ್ಡು ಬಂತು. ಕಟ್ಟಡ ಎದ್ದಿತು, ಬಣ್ಣ ಬಳಿಸಿಕೊಂಡಿತು, ನಲವತ್ತು ಬೆಂಚು ವಾರ್ನಿಶ್ ವಾಸನೆ ಬೀರುತ್ತ ಸಾಲಾಗಿ ಕೂತವು. ಬರದೆ ಉಳಿದದ್ದು ಮಕ್ಕಳು ಮಾತ್ರ.

ಚರ್ಚಿನ ಹಿಂಬದಿಯಲ್ಲಿ, ಪೂಜಾವಸ್ತ್ರ ಇಡುವ ಕೋಣೆಗೆ ತಗುಲಿಕೊಂಡು ಒಂದು ಜಗಲಿಯಿತ್ತು. ಹದಿನೆಂಟು ವರ್ಷದಿಂದ ಆ ಜಗಲಿಯ ಮೇಲೆ ಒಬ್ಬ ಹೆಂಗಸು ಮಕ್ಕಳಿಗೆ ಜಪ ಕಲಿಸುತ್ತಿದ್ದಳು. ಜಪದ ಜೊತೆ ಅಕ್ಷರ, ಅಕ್ಷರದ ಜೊತೆ ಮಗ್ಗಿ, ಮಗ್ಗಿಯ ಜೊತೆ ಮೂಗು ಒರೆಸಿಕೊಳ್ಳುವುದು. ಎಲ್ಲರೂ ಅವಳನ್ನು ಜಗಲಿ ಟೀಚರ್ ಎನ್ನುತ್ತಿದ್ದರು. ಈಗ ಅವಳ ಹತ್ತಿರ ಹದಿನಾಲ್ಕು ಮಕ್ಕಳಿದ್ದವು. ಬಟ್ಟೆ ಒಗೆಯುವವರ ಮಕ್ಕಳು, ಗಾರೆ ಕೆಲಸದವರ ಮಕ್ಕಳು, ಆಸ್ಪತ್ರೆಯ ನೆಲ ಒರೆಸುವವಳ ಮಗಳು. ಬೇರೆ ಶಾಲೆ ಎಂದರೆ ಎರಡು ಬಸ್ಸು ಬದಲಿಸಬೇಕು. ಐದಾರು ವರ್ಷದ ಮಕ್ಕಳನ್ನು ಎರಡು ಬಸ್ಸು ಹತ್ತಿಸಿ ಇಳಿಸಲು ಆ ಮನೆಗಳಲ್ಲಿ ಹಗಲು ಹೊತ್ತು ಯಾರೂ ಇರುತ್ತಿರಲಿಲ್ಲ.

ಹೊಸ ಶಾಲೆಯ ನಕ್ಷೆಯಲ್ಲಿ ಆ ಜಗಲಿಯ ಜಾಗದಲ್ಲಿ ‘ಅತಿಥಿಗಳ ಕಾರು’ ಎಂದು ಬರೆದಿತ್ತು. ಜಗಲಿ ಟೀಚರ್ ನಕ್ಷೆಯ ಮುಂದೆ ಬಹಳ ಹೊತ್ತು ನಿಂತಿದ್ದನ್ನು ಕಂಡು ಫಾದರ್ ತಾವಾಗಿಯೇ ಹತ್ತಿರ ಬಂದಿದ್ದರು.

“ಜಗಲಿ ಹೋದ್ರೆ ಹೋಗ್ಲಿ ಬಿಡಿ ಟೀಚರ್. ಈ ಶಾಲೆ ಯಾರಿಗೋಸ್ಕರ ಕಟ್ತಿರೋದು? ಮೊದಲನೇ ಸಾಲಿನ ಬೆಂಚು ನಿಮ್ಮ ಮಕ್ಕಳದ್ದೇ. ಇದು ನನ್ನ ಮಾತು.”

ಫಾದರ್ ಮಾತು ಎಂದರೆ ಅವಳಿಗೆ ಪೀಠದ ಮೇಲಿನ ಮಾತೇ. ಆ ಸಂಜೆಯೇ ಹದಿನಾಲ್ಕು ಮನೆಗೂ ಹೋಗಿ, ನಿಂತ ಕಾಲಲ್ಲೇ ಸುದ್ದಿ ಹೇಳಿ ಬಂದಳು. ನೆಲ ಒರೆಸುವವಳು ಒದ್ದೆ ಕೈಯಲ್ಲೇ ಇವಳ ಎರಡೂ ಕೈ ಹಿಡಿದುಕೊಂಡು, “ಹೌದಾ ಅಕ್ಕಾ? ನಿಜಾನಾ?” ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಇವಳು ಹೌದು ಎಂದಳು. ಹಾಗೆ ಫಾದರ್ ಕೊಟ್ಟ ಮಾತು ಹದಿನಾಲ್ಕು ಮನೆಯಲ್ಲಿ ಅವಳ ಮಾತಾಗಿ ಕೂತುಬಿಟ್ಟಿತು.

ಇನ್ನು ಕಮಿಟಿ. ಅದರಲ್ಲಿ ಐದು ಜನ. ಫಾದರ್, ಮದರ್, ಹಲ್ಲಿನ ಡಾಕ್ಟರು, ಕಂಟ್ರಾಕ್ಟರು ಮತ್ತು ವಕೀಲಮ್ಮ. ವಕೀಲಿ ಓದಿದ್ದು ವಕೀಲಮ್ಮನ ಗಂಡ. ವಾದ ಮಾಡುತ್ತಿದ್ದದ್ದು ಮಾತ್ರ ಆಕೆ. ಡಾಕ್ಟರಿಗೂ ಕಂಟ್ರಾಕ್ಟರಿಗೂ ಮಾತಿರಲಿಲ್ಲ. ಕಂಟ್ರಾಕ್ಟರು ಕಟ್ಟಿಕೊಟ್ಟ ದವಾಖಾನೆಯಲ್ಲಿ ಒಂದು ಮೆಟ್ಟಿಲು ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರವಾಗಿತ್ತು, ಡಾಕ್ಟರು ದಿನಾ ಅದಕ್ಕೆ ಎಡವುತ್ತಿದ್ದರು. ಅದೇ ದವಾಖಾನೆಯಲ್ಲಿ ಡಾಕ್ಟರು ಕಂಟ್ರಾಕ್ಟರ ಹುಳುಕು ಹಲ್ಲನ್ನು ಬಿಟ್ಟು ಅದರ ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಿದ್ದರು. ಯಾವುದು ಮೊದಲು ಆದದ್ದು, ಯಾವುದು ಸೇಡಿಗೆ ಆದದ್ದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಮಕ್ಕಳನ್ನು ಆರಿಸುವುದು ಹೇಗೆ ಎಂಬ ಮಾತು ಬಂತು.

“ನಾನು ರೋಮಿನಲ್ಲಿದ್ದಾಗ,” ಎಂದು ಫಾದರ್ ಶುರುಮಾಡಿದರು. ಅವರು ರೋಮಿನಲ್ಲಿದ್ದದ್ದು ಹನ್ನೊಂದು ತಿಂಗಳು. ಹೇಳಲು ಹಿಡಿದು ಹನ್ನೊಂದು ವರ್ಷವಾಗಿದ್ದರೂ ಅದು ಮುಗಿದಿರಲಿಲ್ಲ. “ಅಲ್ಲಿ ಹಳೇ ಮಠಗಳಲ್ಲಿ ಹೊಸಬರನ್ನ ಹೇಗೆ ಸೇರಿಸ್ಕೊಳ್ತಿದ್ರು ಗೊತ್ತಾ? ಮಾತಿಲ್ಲ, ಜಗಳ ಇಲ್ಲ. ಬೇಕು ಅಂದ್ರೆ ಬಿಳಿ ಮಣಿ, ಬೇಡ ಅಂದ್ರೆ ಕಪ್ಪು ಮಣಿ. ಒಂದೇ ಒಂದು ಕಪ್ಪು ಬಿತ್ತೋ, ಮುಗೀತು.”

“ಯಾರು ಹಾಕಿದ್ದು ಅಂತ ಗೊತ್ತಾಗಲ್ವಾ?” ಡಾಕ್ಟರು ಕೇಳಿದರು, ಕಂಟ್ರಾಕ್ಟರ ಕಡೆ ನೋಡದೆ.

“ದೇವರೊಬ್ಬನಿಗೇ ಗೊತ್ತು.”

“ಹಾಗಾದ್ರೆ ಒಳ್ಳೇ ಪದ್ಧತಿ,” ಎಂದರು ಕಂಟ್ರಾಕ್ಟರು, ಡಾಕ್ಟರ ಕಡೆ ನೋಡದೆ.

ಮಣಿ ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಹರಿದ ಜಪಸರಗಳನ್ನು ಎಸೆಯಬಾರದೆಂದು ಜಗಲಿ ಟೀಚರ್ ವರ್ಷಗಟ್ಟಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಬಿಳಿಯವು ಗಾಜಿನವು, ನುಣುಪು. ಕಪ್ಪಿನವು ಮರದವು, ಒರಟು. ಡಬ್ಬಿಗೆ ಬಟ್ಟೆ ಮುಚ್ಚಿ ಕೈ ಬಿಟ್ಟರೂ ಬೆರಳಿಗೆ ತಿಳಿಯುತ್ತಿತ್ತು. ಡಬ್ಬಿ ಹಿಡಿದುಕೊಂಡು ಒಬ್ಬೊಬ್ಬರ ಮುಂದೆ ನಿಲ್ಲುವುದು, ಮುಷ್ಟಿಯಲ್ಲಿ ಬಂದ ಮಣಿಯನ್ನು ಹಳೇ ಕಾಣಿಕೆ ಪೆಟ್ಟಿಗೆಗೆ ಹಾಕಿಸಿಕೊಳ್ಳುವುದು, ಪೆಟ್ಟಿಗೆ ತೆರೆದು ‘ಆಯಿತು’ ಅಥವಾ ‘ಇಲ್ಲ’ ಎನ್ನುವುದು, ಇಷ್ಟು ಕೆಲಸ ಅವಳಿಗೆ ಬಂತು. ಎಷ್ಟು ಬಿಳಿ, ಎಷ್ಟು ಕಪ್ಪು ಎಂದು ಯಾರಿಗೂ ಹೇಳುವುದಿಲ್ಲವೆಂದು ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸಿದರು.

ವಕೀಲಮ್ಮ ನಿಯಮ ಬರೆದರು. “ಮಣಿ ಹಾಕದೆ ಯಾವ ಮಗುವೂ ಈ ಶಾಲೆಯ ಬೆಂಚಿನ ಮೇಲೆ ಕೂರತಕ್ಕದ್ದಲ್ಲ. ಬರಿ ಬಿಳಿ ಮಣಿಯೇ ಬಿದ್ದ ಮಗುವನ್ನು ಯಾರೂ ತೆಗೆದುಹಾಕತಕ್ಕದ್ದಲ್ಲ.” ಐದೂ ಜನ ಸಹಿ ಮಾಡಿದರು. ಕಾಗದಕ್ಕೆ ಚೌಕಟ್ಟು ಹಾಕಿಸಿ ಒಂದನೇ ತರಗತಿಯ ಗೋಡೆಗೆ, ‘ಮೌನ’ದ ಪಕ್ಕದಲ್ಲೇ ತೂಗುಹಾಕಿದರು.

“ಶುಭಕಾರ್ಯ ಬಡವರಿಂದ ಶುರುವಾಗ್ಲಿ,” ಎಂದು ಫಾದರ್ ಅವಳ ಪಟ್ಟಿಯನ್ನೇ ಮೊದಲು ಕೈಗೆತ್ತಿಕೊಂಡರು. ಹದಿನಾಲ್ಕು ಹೆಸರನ್ನೂ ಅವಳು ಮುತ್ತು ಪೋಣಿಸಿದ ಹಾಗೆ ಬರೆದು ತಂದಿದ್ದಳು. ಮೊದಲ ಹೆಸರು ನೆಲ ಒರೆಸುವವಳ ಮಗಳದು; ಏಳರ ಮಗ್ಗಿಯನ್ನು ತಲೆಕೆಳಗಾಗಿ ಹೇಳುವ ಹುಡುಗಿ. ಡಬ್ಬಿ ಐದು ಜನರ ಮುಂದೆ ಹೋಗಿ ಬಂತು. ಅವಳು ಪೆಟ್ಟಿಗೆ ತೆರೆದಳು.

ಐದೂ ಕಪ್ಪು.

ಕಣ್ಣು ಮಂಜಾಯಿತೇನೋ ಎಂದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. “ಇಲ್ಲ,” ಎಂದಳು. ಎರಡನೆಯ ಹೆಸರಿಗೂ ಐದು ಕಪ್ಪು. ಮೂರನೆಯದಕ್ಕೂ ಅಷ್ಟೇ. ಹದಿನಾಲ್ಕು ಸಲ ತೆರೆದಳು, ಹದಿನಾಲ್ಕು ಸಲವೂ ಇಲ್ಲ ಎಂದಳು. ಒಂದು ಸಲಕ್ಕಾದರೂ ಒಂದು ಬಿಳಿ ಮಣಿ ದಾರಿ ತಪ್ಪಿ ಕೂಡ ಬೀಳಲಿಲ್ಲ.

“ಛೆ ಛೆ ಛೆ,” ಎಂದು ಫಾದರ್ ತಲೆಯ ಮೇಲೆ ಕೈ ಹೊತ್ತರು. ಹೊರಗೆ ಬಂದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, “ಯಾರೋ ಒಬ್ಬರು ಹೀಗೆ ಮಾಡಿಬಿಟ್ರು ನೋಡಿ. ನನ್ನ ಹೊಟ್ಟೆ ಉರೀತಿದೆ ಟೀಚರ್. ಏನ್ಮಾಡೋದು, ನಿಯಮ ನಿಯಮಾನೇ,” ಎಂದರು.

ಐದು ಜನ, ಐದು ಮಣಿ. ಈ ಲೆಕ್ಕವನ್ನು ಅವಳ ಜಗಲಿಯ ಅತಿ ಪುಟ್ಟ ಮಗುವೂ ಬೆರಳು ಮಡಚದೆ ಮಾಡುತ್ತಿತ್ತು. ಅವಳು ಫಾದರ್ ಮುಖ ನೋಡಿದಳು. ಮುಖದಲ್ಲಿ ದುಃಖ ತುಂಬಿ ತುಳುಕುತ್ತಿತ್ತು. ಅಷ್ಟು ಚೆಂದದ ದುಃಖವನ್ನು ಅವಳು ಗುಡ್ ಫ್ರೈಡೇ ದಿನವೂ ನೋಡಿರಲಿಲ್ಲ.

ಮನೆಯಲ್ಲಿ ನಾದಿನಿ ಹೊಲಿಗೆ ಮಿಷಿನ್ನಿನ ಮುಂದೆ ಕೂತಿದ್ದಳು. ಶಾಲೆಯ ಸಮವಸ್ತ್ರದ ಗುತ್ತಿಗೆ ಅವಳದೇ. ಕೋಣೆಯಲ್ಲಿ ಮಿಷಿನ್ ಕೂತ ಮೇಲೆ ಉಳಿಯುತ್ತಿದ್ದದ್ದು ಎರಡು ಚಾಪೆಯಷ್ಟು ಜಾಗ. ಅದರ ತುಂಬ ಈಗ ಬಿಳಿ ಬಟ್ಟೆ.

“ಏನಾಯ್ತು ಅತ್ತಿಗೆ?”

“ಹೇಳೋ ಹಾಗಿಲ್ಲ.”

“ಹೇಳೋ ಹಾಗಿಲ್ಲ ಅಂದ್ರೆ ಆಗ್ಲಿಲ್ಲ ಅಂತಾಯ್ತು. ಆಗಿದ್ರೆ ನೀವು ಬೀದಿ ತುದಿಯಿಂದ್ಲೇ ಕೂಗ್ಕೊಂಡು ಬರ್ತಿದ್ರಿ.” ನಾದಿನಿ ದಾರವನ್ನು ಹಲ್ಲಿನಿಂದ ಕಡಿದಳು. “ಇಲ್ಲಿ ನೋಡಿ ಮಜಾನ. ನಲವತ್ತು ಜೊತೆ, ನಲವತ್ತಕ್ಕೂ ಒಂದೇ ಅಳತೆ.”

“ಯಾರ ಅಳತೆ ಅದು?”

“ಯಾರದೂ ಅಲ್ಲ. ನಾನೂ ಕೇಳ್ದೆ. ವಕೀಲಮ್ಮ ಗಾಳೀಲಿ ಕೈ ಆಡ್ಸಿ, ‘ನಮ್ಮ ಶಾಲೆ ಮಕ್ಕಳು ಇಷ್ಟಿರ್ತಾರೆ’ ಅಂದ್ರು. ಗಾಳೀನ ಅಳೆದು ಹೊಲೀತಿದೀನಿ. ನನ್ನ ಕಸುಬಲ್ಲಿ ಇದೊಂದು ಬಾಕಿ ಇತ್ತು.”

ಆಮೇಲಿನ ಆರು ವಾರ ಸಂದರ್ಶನವೋ ಸಂದರ್ಶನ. ಅಪ್ಪ ಅಮ್ಮಂದಿರು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಇಸ್ತ್ರಿ ಮಾಡಿದ ಮಕ್ಕಳೊಂದಿಗೆ ಬಂದು ಸಾಲುಗಟ್ಟಿ ಕೂತರು. ಊಟದ ಹೊತ್ತಿನಲ್ಲಿ ಯಾವ ಭಾಷೆ ಆಡುತ್ತೀರಿ, ಮನೆಯಲ್ಲಿ ಎಷ್ಟು ಕಿಟಕಿ, ಅಜ್ಜನ ಮದುವೆ ಯಾವ ಚರ್ಚಿನಲ್ಲಾಯಿತು ಎಂದೆಲ್ಲ ಕಮಿಟಿ ಕೇಳಿತು. ಸೀನಿದ ಮಗುವಿಗೆ ಮದರ್ ಕಪ್ಪು ಹಾಕಿದರು. ಪಕ್ಕದ ಚರ್ಚಿಗೆ ಹೋಗುವ ಮನೆಯ ಮಗುವಿಗೆ ಫಾದರ್ ಕಪ್ಪು ಹಾಕಿದರು. ತಮಗಿಂತ ದೊಡ್ಡ ಮನೆಯ ಮಗುವಿಗೆ ವಕೀಲಮ್ಮ ಹಾಕಿದರು, ಚಿಕ್ಕ ಮನೆಯದಕ್ಕೂ ಹಾಕಿದರು. ಡಾಕ್ಟರ ಮಗಳಿಗೆ ಕಂಟ್ರಾಕ್ಟರು ಹಾಕಿದರು. ಕಂಟ್ರಾಕ್ಟರ ಅವಳಿ ಮೊಮ್ಮಕ್ಕಳಿಗೆ ಡಾಕ್ಟರು ಒಂದರ ಹಿಂದೊಂದು ಎರಡು ಸಲ, ಬಹಳ ನೆಮ್ಮದಿಯಿಂದ ಹಾಕಿದರು. ಪ್ರತಿಯೊಬ್ಬರೂ ತಮ್ಮದೊಂದೇ ಕಪ್ಪು ಎಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದರು. ಪೆಟ್ಟಿಗೆ ತೆರೆಯುವವಳಿಗೆ ಮಾತ್ರ ಮೂರು, ನಾಲ್ಕು ಕಾಣುತ್ತಿದ್ದವು. ಅವಳ ಬಾಯಿಗೆ ಪ್ರಮಾಣದ ಬೀಗ ಬಿದ್ದಿತ್ತು.

ಅರವತ್ತೊಂದು ಅರ್ಜಿ ಬಂದವು. ಅರವತ್ತೊಂದಕ್ಕೂ ಇಲ್ಲ.

“ಇದರಿಂದ ಶಾಲೆಗೆ ಹೆಸರು ಬರುತ್ತೆ,” ಎಂದರು ವಕೀಲಮ್ಮ. “ಸುಲಭಕ್ಕೆ ಸಿಗೋ ಸೀಟಲ್ಲ ಅಂತ ಜನ ಆಡ್ಕೊಳ್ತಿದ್ದಾರೆ.”

ಹೆಸರು ಬಂದ ಬೆನ್ನಿಗೇ ಬಿಷಪ್ಪರ ಕಾಗದವೂ ಬಂತು. ಬರುವ ಭಾನುವಾರ ಹತ್ತು ಗಂಟೆಗೆ ಶಾಲೆಯನ್ನು ಆಶೀರ್ವದಿಸಲು ಬರುತ್ತೇನೆ, ಮಕ್ಕಳನ್ನು ಕಣ್ತುಂಬ ನೋಡಬೇಕೆಂಬ ಆಸೆಯಿದೆ, ದಾಖಲೆ ಪುಸ್ತಕಕ್ಕೆ ನಾನೇ ಸಹಿ ಹಾಕುತ್ತೇನೆ ಎಂದು ಬರೆದಿದ್ದರು. ಕಮಿಟಿ ಓಡೋಡಿ ಬಂದು ಸೇರಿತು.

“ಬೆಂಚಿನ ಮೇಲೆ ಪುಸ್ತಕ ಇಟ್ಟು, ಮಕ್ಕಳು ಪ್ರಾರ್ಥನೆಗೆ ಹೋಗಿದ್ದಾರೆ ಅಂದ್ರೆ?” ಎಂದರು ಕಂಟ್ರಾಕ್ಟರು.

“ತರಗತಿ ಮೌನವಾಗಿರುತ್ತೆ,” ಎಂದರು ಮದರ್, ಒಪ್ಪಿಗೆಯ ದನಿಯಲ್ಲಿ.

“ಎಲ್ಲಿ ಪ್ರಾರ್ಥನೆ, ನಾನೂ ಬರ್ತೀನಿ ಅಂತ ಬಿಷಪ್ಪರು ಹೊರಟ್ರೆ?” ಎಂದು ಫಾದರ್ ಬೆವರು ಒರೆಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಫಾದರ್ ಜಗಲಿಗೇ ಬಂದರು. ಮಕ್ಕಳು ಎದ್ದು ನಿಂತು ಒಕ್ಕೊರಲಿನಿಂದ ನಮಸ್ಕಾರ ಹೇಳಿದವು. ಫಾದರ್ ಅವುಗಳ ತಲೆಯನ್ನು ಮುಟ್ಟಿ ಮುಟ್ಟಿ ಎಣಿಸಿದರು.

“ಟೀಚರ್, ಭಾನುವಾರ ಒಂದು ದಿನದ ಮಟ್ಟಿಗೆ ಈ ಮಕ್ಕಳು ಬೇಕು. ಸಮವಸ್ತ್ರ ಹಾಕ್ಸಿ ಬೆಂಚಿನ ಮೇಲೆ ಕೂರಿಸ್ಬೇಕು.”

“ಆಮೇಲೆ ಫಾದರ್?”

“ಆಮೇಲೆ ಏನು? ಬಟ್ಟೆ ಬಿಚ್ಚಿಸಿ ವಾಪಸ್ ಕೊಡೋದು. ಕೊಳೆ ಆಗದ ಹಾಗೆ ನೋಡ್ಕೊಳ್ಳಿ.” ಎರಡು ಹೆಜ್ಜೆ ಹೋದವರು ತಿರುಗಿ ಬಂದರು. “ಇನ್ನೊಂದು. ಒಂದೊಂದು ಮಗುವಿನ ಕೈಲೂ ಹತ್ತು ಮಣಿಯ ಪುಟ್ಟ ಜಪಸರ ಇರ್ಲಿ. ಕಪ್ಪು ಮಣಿದು. ಬಿಳಿ ಬಟ್ಟೆ ಮೇಲೆ ಎದ್ದು ಕಾಣುತ್ತೆ. ನಾನು ರೋಮಿನಲ್ಲಿದ್ದಾಗ ನೋಡಿದ್ದೆ. ನಿಮ್ಮ ಡಬ್ಬೀಲಿ ಮಣಿ ಇದೆಯಲ್ಲ, ಪೋಣಿಸಿಬಿಡಿ.”

“ಆಗ್ಲಿ ಫಾದರ್,” ಎಂದಳು. ಹದಿನೆಂಟು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

ನಾದಿನಿ ಅಂಗಿಗಳ ತೋಳು ಮಡಚುತ್ತ, ಸೊಂಟಕ್ಕೆ ಪಿನ್ನು ಚುಚ್ಚುತ್ತ ಸಂಜೆಯೆಲ್ಲ ಸಿಡಿಯುತ್ತಿದ್ದಳು. “ಉಡಿಸಿ ಬಿಚ್ಚೋಕೆ ಅವೇನು ಅಂಗಡಿ ಬೊಂಬೆಗಳಾ ಅತ್ತಿಗೆ? ನಾಳೆ ಆ ಮಕ್ಕಳಮ್ಮಂದಿರಿಗೆ ಯಾವ ಮುಖ ತೋರಿಸ್ತೀರಿ? ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಆ ಕಮಿಟೀನ ಈ ಸೂಜಿ ಕೆಳಗಿಟ್ಟು ಓಡಿಸ್ತಿದ್ದೆ.” ಜಗಲಿ ಟೀಚರ್ ಡಬ್ಬಿಯಿಂದ ಕಪ್ಪು ಮಣಿಗಳನ್ನು ಆರಿಸಿ ಆರಿಸಿ ಪೋಣಿಸುತ್ತಿದ್ದಳು. ಹದಿನಾಲ್ಕು ಜಪಸರ ಮುಗಿಯುವ ಹೊತ್ತಿಗೆ ಬೆರಳ ತುದಿ ಕೆಂಪಾಗಿತ್ತು.

ಶನಿವಾರ ಮಧ್ಯಾಹ್ನ ಎಂದಿನಂತೆ ಪಾಪನಿವೇದನೆಗೆ ಹೋದಳು. ಜಾಲರಿಯ ಆಚೆ ಫಾದರ್, ಈಚೆ ಅವಳು ಮಂಡಿಯೂರಿ.

“ಒಬ್ಬರ ಮೇಲೆ ಕೋಪ ಬಂದಿದೆ ಫಾದರ್. ಇಳೀತಾ ಇಲ್ಲ.”

“ಯಾರ ಮೇಲೆ ಅಂತ ಹೇಳೋದು ಬೇಡ. ಏನು ಮಾಡಿದ್ರು ಅವರು?”

“ಮಾತು ಕೊಟ್ಟು ತಪ್ಪಿದ್ರು. ತಪ್ಪಿಸಿದ್ದು ಬೇರೆ ಯಾರೋ ಅಂತ ಅಂದ್ರು.”

“ಎಷ್ಟು ಸಲ?”

“ಹದಿನಾಲ್ಕು ಸಲ.”

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು.

“ಅವರಿಗೂ ಒಂದು ಕಾರಣ ಇರುತ್ತೆ ಮಗಳೇ. ಹೊಸ ದೋಣಿ ಮೊದಲು ತೇಲಬೇಕು. ದೊಡ್ಡ ಮನೆಯವರು ಹತ್ತಿ ಕೂತ್ರೆ ಅದು ತೇಲುತ್ತೆ. ಆಮೇಲೆ ಎಲ್ಲರನ್ನೂ ಹತ್ತಿಸ್ಕೋಬಹುದು.”

“ದೋಣಿ ಖಾಲಿ ಇದೆಯಲ್ಲ ಫಾದರ್.”

ಫಾದರ್ ಕೆಮ್ಮಿದರು. “ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯಾ ಜಪ ಹೇಳು.”

“ನನಗಾ ಫಾದರ್, ಅವರಿಗಾ?”

“ನಿನಗೆ,” ಎಂದು ದನಿ ಬಂತು. ಕಿಟಕಿ ತಟ್ಟನೆ ಮುಚ್ಚಿಕೊಂಡಿತು.

ಅವಳು ಬಂದು ಬೆಂಚಿನಲ್ಲಿ ಕೂತಳು. ಚೀಲದಿಂದ ನಿನ್ನೆ ಪೋಣಿಸಿದ ಪುಟ್ಟ ಜಪಸರ ಒಂದನ್ನು ತೆಗೆದು ನಮೋ ಮರಿಯಾ ಶುರುಮಾಡಿದಳು. ಒಂದು ಮಣಿ, ಎರಡು ಮಣಿ. ಮೂರನೆಯ ಮಣಿಯ ಮೇಲೆ ಬೆರಳು ನಿಂತಿತು. ಕಪ್ಪು ಮಣಿ, ಮರ, ಒರಟು. ಹದಿನಾಲ್ಕು ಸರದಲ್ಲಿ ಕಪ್ಪೆಲ್ಲ ಇಲ್ಲೇ ಬಂದು ಕೂತಿದೆ. ಹಾಗಾದರೆ ಮನೆಯಲ್ಲಿ ಡಬ್ಬಿಯಲ್ಲಿ ಉಳಿದದ್ದೇನು?

ಅವಳು ಪೀಠದ ಕಡೆ ನೋಡಿದಳು. ಇದು ತನಗೇ ಹೊಳೆದದ್ದೋ, ಹೊಳೆಯಿಸಿದ್ದೋ ತಿಳಿಯಲಿಲ್ಲ. ತಿಳಿಯದ್ದನ್ನು ಕೆದಕುವ ಜಾಯಮಾನ ಅವಳದಲ್ಲ. ಉಳಿದ ಎಂಟು ನಮೋ ಮರಿಯಾಗಳನ್ನು ಬಹಳ ಭಕ್ತಿಯಿಂದ ಹೇಳಿ ಮುಗಿಸಿದಳು.

ಭಾನುವಾರ ಒಂಬತ್ತೂವರೆ. ಒಂದನೇ ತರಗತಿಯ ಹೊರಗೆ ಹದಿನಾಲ್ಕು ಮಕ್ಕಳು ಗಾಳಿಯ ಅಳತೆಯ ಅಂಗಿಯಲ್ಲಿ, ಬೆನ್ನಿಗೆ ಪಿನ್ನು ಚುಚ್ಚಿಸಿಕೊಂಡು, ಕೈಯಲ್ಲಿ ಕಪ್ಪು ಜಪಸರ ಹಿಡಿದು ಸಾಲಾಗಿ ನಿಂತಿದ್ದವು. ಕಮಿಟಿ ಒಳಗೆ ಹೂದಾನಿಯನ್ನು ಅತ್ತಿಂದಿತ್ತ ಇತ್ತಿಂದತ್ತ ಸರಿಸುತ್ತಿತ್ತು. ಬಾಗಿಲಲ್ಲಿ ಜಗಲಿ ಟೀಚರ್ ನಿಂತಳು. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಅದರ ಮೇಲೆ ಮುಚ್ಚಿದ ಬಟ್ಟೆ.

“ಕೂರಿಸಿ ಟೀಚರ್, ಕೂರಿಸಿ! ಬರೋ ಹೊತ್ತಾಯ್ತು!”

“ಕೂರಿಸೋಕೆ ನಂಗೆ ಭಯ ಫಾದರ್. ಮಣಿ ಹಾಕದೆ ಯಾವ ಮಗೂನೂ ಬೆಂಚಿನ ಮೇಲೆ ಕೂರಬಾರದು ಅಂತ ಗೋಡೆ ಮೇಲಿದೆ. ಬಿಷಪ್ಪರು ಓದಿ, ಹಾಕಿದ್ರಾ ಅಂತ ನನ್ನನ್ನೇ ಕೇಳಿದ್ರೆ ನಾನು ಸುಳ್ಳು ಹೇಳಲ್ಲ.”

“ಈ ಮಕ್ಕಳಿಗೆ ಹಿಂದೇನೇ ಹಾಕಿದ್ದಾಯ್ತಲ್ಲ!”

“ಆಗ ಇಲ್ಲ ಅಂತ ಬಂತು ಫಾದರ್. ಇಲ್ಲ ಅಂತ ಬಂದವರನ್ನ ಮತ್ತೆ ಮಣಿ ಹಾಕದೆ ಹೇಗೆ ಕೂರಿಸಲಿ?”

“ಅದೂ ನಿಜಾನೇ,” ಎಂದರು ವಕೀಲಮ್ಮ. ತಾವು ಬರೆದ ನಿಯಮಕ್ಕೆ ಇಷ್ಟು ಮರ್ಯಾದೆ ಕೊಟ್ಟವರನ್ನು ಅವರು ಅಂದಿನವರೆಗೆ ಕಂಡಿರಲಿಲ್ಲ.

ಕಂಟ್ರಾಕ್ಟರು ದನಿ ತಗ್ಗಿಸಿದರು. “ಹಾಕಿಬಿಡೋಣ ಬಿಡಿ, ಮೊಂಡು ಹಿಡಿದಿದ್ದಾಳೆ. ಹಾಕಿದ್ದೀವಿ ಅಂತ ಆದ್ರೆ ಸಾಕಲ್ಲ. ಏನು ಬಿತ್ತು ಅಂತ ಯಾರು ಕೇಳ್ತಾರೆ? ನಾಳೆ ನೋಡ್ಕೊಳ್ಳೋಣ.”

ಐದೂ ಮುಖ ಅರಳಿತು. ಹಾಕುವುದು ಏನನ್ನು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಡಬ್ಬಿ ಮೊದಲು ಕಂಟ್ರಾಕ್ಟರ ಮುಂದೆ ನಿಂತಿತು. ಅವರು ಬಟ್ಟೆಯ ಕೆಳಗೆ ಕೈ ಬಿಟ್ಟರು. ನುಣುಪು. ಪಕ್ಕಕ್ಕೆ ಸರಿಸಿದರು. ಅದೂ ನುಣುಪು. ಮಣಿಕಟ್ಟಿನವರೆಗೆ ಇಳಿಸಿ ತಳದಲ್ಲಿ ತಡಕಾಡಿದರು. ಗಾರೆ ಕಲಸಿ ಗಟ್ಟಿಯಾದ ಆ ಬೆರಳಿಗೂ ಎಲ್ಲವೂ ಗಾಜೇ ಹತ್ತಿತು. ಅವರ ಬಾಯಿ ತೆರೆಯಿತು. ‘ಕಪ್ಪು ಎಲ್ಲಿ’ ಎಂದು ಕೇಳಿದರೆ, ಕಪ್ಪನ್ನು ಹುಡುಕುತ್ತಿದ್ದವರು ಯಾರು ಎಂದು ಎಲ್ಲರಿಗೂ ತಿಳಿಯುತ್ತದೆ. ಬಾಯಿ ಮುಚ್ಚಿತು. ಸಿಕ್ಕಿದ್ದನ್ನು ಪೆಟ್ಟಿಗೆಗೆ ಹಾಕಿದರು.

ಡಾಕ್ಟರು ಬಾಯೊಳಗೆ ಹುಳುಕು ಹುಡುಕುವ ಕೈಚಳಕದಿಂದ ಮೂಲೆ ಮೂಲೆ ಮುಟ್ಟಿ ನೋಡಿದರು. ಕೈ ಹೊರಬಂದಾಗ ಕಿವಿ ಕೆಂಪಾಗಿತ್ತು. ವಕೀಲಮ್ಮ ಡಬ್ಬಿಯನ್ನು ಒಮ್ಮೆ ಕುಲುಕಿ ನೋಡಿ, ಸೂರು ನೋಡುತ್ತ ಹಾಕಿದರು. ಮದರ್, “ಡಬ್ಬಿಯಲ್ಲಿ...” ಎಂದು ಶುರುಮಾಡಿದರು.

“ಡಬ್ಬಿಯಲ್ಲಿ ಏನು ಮದರ್?” ಎಂದು ಉಳಿದ ನಾಲ್ವರೂ ಒಟ್ಟಿಗೆ ಕೇಳಿದರು.

ಮದರ್ ಗೋಡೆಯ ಮೇಲಿನ ‘ಮೌನ’ವನ್ನು ನೋಡಿ ಸುಮ್ಮನಾದರು.

ಕೊನೆಗೆ ಫಾದರ್. ಅವರ ಕೈ ಎಲ್ಲರಿಗಿಂತ ಹೆಚ್ಚು ಹೊತ್ತು ಬಟ್ಟೆಯ ಕೆಳಗಿತ್ತು. ತಲೆಯೆತ್ತಿದಾಗ ಬಾಗಿಲಾಚೆ ಸಾಲಾಗಿ ನಿಂತ ಮಕ್ಕಳ ಕೈಗಳು ಕಂಡವು. ಆ ಕೈಗಳಲ್ಲಿ ತಾವೇ ಹೇಳಿ ಮಾಡಿಸಿದ ಜಪಸರಗಳು ಬಿಳಿ ಬಟ್ಟೆಯ ಮೇಲೆ ಎದ್ದು ಕಾಣುತ್ತಿದ್ದವು. ಫಾದರ್ ಜಗಲಿ ಟೀಚರ್ ಕಡೆ ತಿರುಗಿದರು. ಅವಳು ಕಣ್ಣು ತಗ್ಗಿಸಲಿಲ್ಲ.

“ಏನಾದ್ರೂ ಬೇಕಾಗಿತ್ತಾ ಫಾದರ್?”

“ಏನಿಲ್ಲ,” ಎಂದರು ಫಾದರ್. ಟಕ್ಕೆಂದು ಗಾಜಿನ ಮಣಿ ಬಿತ್ತು.

ಅವಳು ಪೆಟ್ಟಿಗೆ ತೆರೆದು, “ಆಯಿತು,” ಎಂದು ನೆಲ ಒರೆಸುವವಳ ಮಗಳ ಹೆಸರನ್ನು ದಾಖಲೆ ಪುಸ್ತಕದಲ್ಲಿ ಶಾಯಿಯಿಂದ ಬರೆದಳು. ಹುಡುಗಿ ಬಂದು ಮೊದಲನೇ ಸಾಲಿನಲ್ಲಿ ಕೂತಳು. ಹೀಗೆ ಹದಿನಾಲ್ಕು ಸಲ ಐದು ಕೈಗಳು ಡಬ್ಬಿಯೊಳಗೆ ಹೋಗಿ, ಪ್ರತಿ ಸಲವೂ ಹೊಸ ಆಸೆಯಿಂದ ತಡಕಾಡಿ, ಹೊರಬಂದವು. ಕೊನೆಯ ಮಗು ಕೂರುವಾಗ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಬಿಷಪ್ಪರು ಮುದುಕರು, ಮಂಡಿನೋವಿನವರು. ತೀರ್ಥ ಚಿಮುಕಿಸುತ್ತ ಒಳಗೆ ಬಂದವರು ಮಕ್ಕಳನ್ನು ಕಂಡು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಒಂದೊಂದಾಗಿ ಮಾತಾಡಿಸಿದರು. ಅಪ್ಪ ಏನು ಮಾಡ್ತಾರೆ? ಗಾರೆ ಕೆಲಸ. ಅಮ್ಮ? ಆಸ್ಪತ್ರೆಯ ನೆಲ ಒರೆಸುತ್ತಾಳೆ.

“ದೊಡ್ಡವರ ಮಕ್ಕಳೇ ತುಂಬಿರ್ತಾರೆ ಅಂದ್ಕೊಂಡು ಬೇಜಾರಿನಲ್ಲೇ ಬಂದೆ ಫಾದರ್,” ಎಂದರು. “ಇವರನ್ನ ಹೇಗೆ ಆರಿಸಿದ್ರಿ?”

ಫಾದರ್ ಎದೆ ತುಸು ಮುಂದೆ ಬಂತು. “ಮಣಿ ಹಾಕಿ, ಪೂಜ್ಯರೇ. ಸರ್ವಾನುಮತ. ಒಂದೇ ಒಂದು ಕಪ್ಪು ಬಿದ್ದಿಲ್ಲ. ಮೊದಲ ದಿನದಿಂದ್ಲೂ ಕಮಿಟಿಯ ಆಸೆ ಇದೇ ಆಗಿತ್ತು.”

ಐದೂ ಜನ ತಲೆಯಾಡಿಸಿದರು. ಆ ಗಳಿಗೆಯಲ್ಲಿ ಅವರು ಅದನ್ನು ನಂಬಿಯೂ ಬಿಟ್ಟಿದ್ದರು.

“ಈ ಪದ್ಧತೀನ ಬದಲಾಯಿಸಬೇಡಿ,” ಎಂದರು ಬಿಷಪ್ಪರು, ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತ. “ಇನ್ನು ಮೂರು ವರ್ಷ ಯಾರನ್ನೇ ಸೇರಿಸ್ಕೊಳ್ಳಿ, ಹೀಗೇ ಮಣಿ ಹಾಕಿ ಸೇರಿಸ್ಕೊಳ್ಳಿ. ವರ್ಷಕ್ಕೊಂದು ಸಲ ಬಂದು ಈ ಹದಿನಾಲ್ಕು ಜನರನ್ನ ನಾನೇ ಮಾತಾಡಿಸ್ತೀನಿ.”

ಸೋಮವಾರ ಬೆಳಿಗ್ಗೆ ಜಗಲಿ ಟೀಚರ್ ಮಕ್ಕಳನ್ನು ಗೇಟಿನವರೆಗೆ ಕರೆದುಕೊಂಡು ಹೋದಳು. ಮದರ್ ಎಣಿಸಿ ಎಣಿಸಿ ಹದಿನಾಲ್ಕನ್ನೂ ಒಳಗೆ ಬಿಟ್ಟು, ಅವಳ ಮೂಗಿನ ಮುಂದೆಯೇ ಗೇಟು ಹಾಕಿದರು. ಒಂದನೇ ತರಗತಿಗೆ ಪಾಠ ಹೇಳಲು ದೊಡ್ಡ ಪದವಿಯ ಟೀಚರೊಬ್ಬಳನ್ನು ಆಗಲೇ ಗೊತ್ತುಮಾಡಿದ್ದರು. ನೆಲ ಒರೆಸುವವಳ ಮಗಳು ಒಮ್ಮೆ ಹಿಂತಿರುಗಿ ನೋಡಿ ಕೈಯೆತ್ತಲು ಹೋದಳು. ಮದರ್ ‘ಶ್’ ಎಂದರು. ಹಿಂಬದಿಯಲ್ಲಿ ಕಂಟ್ರಾಕ್ಟರ ಆಳುಗಳು ಜಗಲಿಗೆ ಗುದ್ದಲಿ ಹಾಕಿದ್ದರು. ಅವಳು ಸೀಮೆಸುಣ್ಣದ ಡಬ್ಬಿಯನ್ನೂ ಎರಡು ಚಾಪೆಯನ್ನೂ ಎತ್ತಿಕೊಂಡು ಮನೆಗೆ ಬಂದಳು.

“ಗೆದ್ದು ಬಂದವರ ಮುಖ ಹೀಗಿರುತ್ತಾ ಅತ್ತಿಗೆ?” ಎಂದಳು ನಾದಿನಿ.

“ಗೆದ್ದೆ ಅಂತ ಯಾರು ಹೇಳಿದ್ರು? ಅವು ಒಳಗೆ ಹೋದ್ವು, ಅಷ್ಟೇ.”

ಫಾದರ್ ಮಂಗಳವಾರವೇ ಹೊಸ ಕಪ್ಪು ಮಣಿ ತರಿಸಿದರು. ಬುಧವಾರ ಕಮಿಟಿ ಮತ್ತೆ ಕೂತು, ಇಪ್ಪತ್ತಾರು ಖಾಲಿ ಬೆಂಚಿಗೆ ತಮ್ಮ ತಮ್ಮ ಮನೆಯ ಮಕ್ಕಳನ್ನು ಸೇರಿಸಿಕೊಳ್ಳಲು ಮಣಿ ಹಾಕಿತು. ಡಬ್ಬಿ ಹಿಡಿದವಳು ಪ್ರತಿ ಸಲ ಪೆಟ್ಟಿಗೆ ತೆರೆದು, ಪ್ರಮಾಣಕ್ಕೆ ತಪ್ಪದೆ, “ಇಲ್ಲ,” ಎಂದಳು.

ಗುರುವಾರ ಬೆಳಿಗ್ಗೆ ಹೊಲಿಗೆ ಮಿಷಿನ್ನಿನ ಮುಂದೆ ನೆರಳು ಬಿತ್ತು. ಬಾಗಿಲಲ್ಲಿ ಹಲ್ಲಿನ ಡಾಕ್ಟರು, ಅವರ ಕೈ ಹಿಡಿದು ಮುಂದಿನ ಎರಡು ಹಲ್ಲು ಬಿದ್ದ ಮಗಳು.

“ಟೀಚರ್, ಮತ್ತೆ ಬಿತ್ತಲ್ಲ. ಒಂದೇ ಕಪ್ಪು ಅಲ್ವಾ? ಆ ಮೆಟ್ಟಿಲಿನವನದೇ ಅಲ್ವಾ?”

“ಹೇಳೋ ಹಾಗಿಲ್ಲ ಡಾಕ್ಟ್ರೇ.” ಬಿದ್ದದ್ದು ನಾಲ್ಕು.

“ಇವಳು ಮನೇಲಿ ಕೂತು ಎಲ್ಲಾ ಮರೀತಿದ್ದಾಳೆ. ನೀವು ಇಲ್ಲೇ ಒಂದೆರಡು ಗಂಟೆ... ಅರ್ಜಿ ಏನಾದ್ರೂ ತುಂಬಬೇಕಾ?”

“ಬೇಡ. ಮಗ್ಗಿ ಎಷ್ಟರವರೆಗೆ ಬರುತ್ತೆ ಪುಟ್ಟಿ?”

“ಒಂದರದ್ದು,” ಎಂದಳು ಹುಡುಗಿ, ಹಲ್ಲಿನ ಸಂದಿಯಲ್ಲಿ ಗಾಳಿ ಬಿಡುತ್ತ.

“ಸಾಕು. ಅದು ಗಟ್ಟಿ ಇದ್ರೆ ಮುಂದಿನದು ನಾನು ನೋಡ್ಕೊಳ್ತೀನಿ. ಬಾ, ಕೂತ್ಕೋ.”

ನಾದಿನಿ ಪೆಡಲು ನಿಲ್ಲಿಸಿ ಕತ್ತು ಉದ್ದ ಮಾಡಿದಳು. “ಡಾಕ್ಟ್ರೇ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ನಿಮ್ಮ ಹಿಂದೆ ಯಾರೋ ನಿಂತಿದ್ದಾರೆ.”

ಹಿಂದೆ ಬೀದಿಯಲ್ಲಿ ಕಂಟ್ರಾಕ್ಟರು ನಿಂತಿದ್ದರು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಅವಳಿ ಮೊಮ್ಮಗುವನ್ನು ಹಿಡಿದುಕೊಂಡು. ಡಾಕ್ಟರು ಗೋಡೆ ನೋಡಿದರು. ಕಂಟ್ರಾಕ್ಟರು ಚರಂಡಿ ನೋಡಿದರು. ಅವಳಿಗಳು ಆಗಲೇ ಕೈ ಬಿಡಿಸಿಕೊಂಡು, ಚಪ್ಪಲಿ ಬಿಟ್ಟು, ಒಳಗೆ ನುಗ್ಗಿದ್ದವು. ಇದ್ದದ್ದು ಎರಡೇ ಚಾಪೆಯ ಜಾಗ. ಜಗಲಿ ಟೀಚರ್ ಎರಡನ್ನೂ ಅಂಚಿಗೆ ಅಂಚು ಸೇರಿಸಿ ಹಾಸಿ, ಡಾಕ್ಟರ ಮಗಳನ್ನು ಅವಳಿಗಳ ನಡುವೆ ಕೂರಿಸಿದಳು.